ದೇವರ ಮನೆಯಲ್ಲಿ ಕಟ್ಟಿದ ಬಿಲ್ಲು

ನಾನು ಕರೆಂಟ್ ಬಿಲ್ ಕಟ್ಟಲಿಲ್ಲ ಎಂದು ಯಾರಾದರೂ ಹೇಳಿದರೆ ಅವರ ನಾಲಿಗೆ ಬಿದ್ದುಹೋಗಲಿ. ಕಟ್ಟಿದೆ. ಈ ಎರಡು ಕೈಯಿಂದಲೇ ಕಟ್ಟಿದೆ. ಒಂದು ಸಲವಲ್ಲ, ಎರಡು ಸಲ ಕಟ್ಟಿದೆ. ಆದರೂ ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ನನ್ನನ್ನು ಕಂಡರೆ ಹೆಂಗಸರು ಈಗಲೂ ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಾರೆ. ನಗಲಿ, ಹಲ್ಲಿರುವವರು ನಗುತ್ತಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ತಪ್ಪು ಯಾರದು ಎಂದು ನೀವೇ ಹೇಳಿ.

ನನ್ನ ಹೆಸರು ಅನಸೂಯಮ್ಮ. ಯಜಮಾನರು ಮುನಿನಾರಾಯಣಪ್ಪನವರು ಬದುಕಿದ್ದಾಗ ಬಿಲ್ಲಿನ ತಾಪತ್ರಯವೇ ಇರಲಿಲ್ಲ. ಬಿಲ್ ಬಂದ ದಿನವೇ ಸೈಕಲ್ ಹತ್ತಿ ಹೋಗಿ, ಕ್ಯೂ ನಿಂತು, ಕಟ್ಟಿ ಬಂದು, ರಸೀದಿಯನ್ನು ನಡುಮನೆಯ ಮೊಳೆಗೆ ಚುಚ್ಚಿ, ಆಮೇಲೆಯೇ ಕಾಫಿ ಕುಡಿಯುತ್ತಿದ್ದರು. ಅವರು ಹೋದರು, ಸೈಕಲ್ ಹೋಯಿತು, ಮೊಳೆ ಮಾತ್ರ ಉಳಿಯಿತು. ಆಮೇಲೆ ಸರ್ಕಾರದವರು ಕರೆಂಟ್ ಫ್ರೀ ಮಾಡಿದರು. ತಿಂಗಳು ತಿಂಗಳು ಸೊನ್ನೆ ಎಂದು ಬರೆದ ಚೀಟಿ ಬರುತ್ತಿತ್ತು. ಸೊನ್ನೆಯನ್ನು ಯಾರು ಎತ್ತಿಡುತ್ತಾರೆ? ಅದರಲ್ಲಿ ಒಲೆ ಹೊತ್ತಿಸಿದೆ, ಕಡಲೆಕಾಯಿ ಸಿಪ್ಪೆ ಎತ್ತಿ ಬಿಸಾಡಿದೆ. ಬಿಲ್ ಕಟ್ಟುವುದು ಎಂಬ ಕೆಲಸವೊಂದು ಪ್ರಪಂಚದಲ್ಲಿದೆ ಎಂಬುದನ್ನೇ ನಮ್ಮ ಮನೆ ಮರೆತುಬಿಟ್ಟಿತ್ತು.

ಅದನ್ನು ಮತ್ತೆ ನೆನಪಿಸಿದ್ದು ನನ್ನ ಸೊಸೆ ರೂಪಳ ಫ್ರಿಡ್ಜು. ಮೊಸರು ಇಡುವ ಫ್ರಿಡ್ಜಲ್ಲ. ಗುಜರಿ ಅಂಗಡಿಯಿಂದ ನಾಲ್ಕು ಜನ ಹೊತ್ತು ತಂದ ಆನೆಯಂಥ ಹಳೇ ಪೆಟ್ಟಿಗೆ. ರೂಪ ತೊಂಡೇಬಾವಿ ಕಡೆಯವಳು, ಸುಮ್ಮನೆ ಕೂತು ಅಭ್ಯಾಸವಿಲ್ಲ. ಫೋನಿನಲ್ಲಿ ಯಾವುದೋ ವಿಡಿಯೊ ನೋಡಿ, ಆ ಪೆಟ್ಟಿಗೆಯೊಳಗೆ ಬಲ್ಬು, ಫ್ಯಾನು, ನೀರಿನ ತಟ್ಟೆ ಎಲ್ಲ ಇಡಿಸಿ, ನಾಟಿ ಕೋಳಿ ಮೊಟ್ಟೆಗೆ ಕಾವು ಕೊಡುವ ಮೆಷಿನ್ ಮಾಡಿಸಿದಳು. ಮರಿ ಮಾಡಿ ಮಾರುತ್ತಾಳಂತೆ.

"ತಣ್ಣಗೆ ಮಾಡೋ ಡಬ್ಬದಲ್ಲಿ ಕಾವು ಕೂರಿಸ್ತೀಯೇನಮ್ಮ?" ಎಂದೆ. "ನಾಳೆ ಒಲೇಲಿ ಐಸ್‌ಕ್ಯಾಂಡಿ ಮಾಡು."

"ನೋಡ್ತಾ ಇರಿ ಅತ್ತೆ," ಎಂದಳು.

ನೋಡಿದೆ. ಮೊದಲ ಸಲ ನನ್ನ ಮಗ ಅಂಬರೀಶ ಶಾಖದ ತಿರುಪನ್ನು ಬೇಕಾದ್ದಕ್ಕಿಂತ ಜಾಸ್ತಿ ತಿರುಗಿಸಿಬಿಟ್ಟ. ಮರಿ ಬರಲಿಲ್ಲ, ಬೆಂದ ಮೊಟ್ಟೆ ಬಂತು. ನಾವು ನಕ್ಕೆವು, ಅವಳೂ ನಕ್ಕಳು. ಆಮೇಲೆ ಹಿತ್ತಲಿನಲ್ಲಿ ಒಬ್ಬಳೇ ಗುಂಡಿ ತೋಡಿ ಮೊಟ್ಟೆ ಮುಚ್ಚುತ್ತಿದ್ದಾಗ ನೋಡಿದರೆ ಮುಖ ಬಾಡಿತ್ತು. "ಇನ್ನೊಂದ್ ಸಲ ಇಡ್ತೀನಿ ಅತ್ತೆ. ಇದೂ ಹೋದ್ರೆ ಫ್ರಿಡ್ಜ್‌ನ ಗುಜರಿಗೆ ಹಾಕಿ, ಬೆಳಿಗ್ಗೆ ವ್ಯಾನ್ ಹತ್ಕೊಂಡು ಗಾರ್ಮೆಂಟ್ಸಿಗೆ ಹೋಗ್ತೀನಿ," ಎಂದಳು. ನನಗೆ ದಿಗಿಲಾಯಿತು. ಅವಳು ಗಾರ್ಮೆಂಟ್ಸಿಗೆ ಹೋದರೆ ದಿನವಿಡೀ ನಾನು ಜಗಳ ಆಡುವುದು ಯಾರ ಜೊತೆ? ಗೋಡೆ ಜೊತೆಯಾ? ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅತ್ತೆಯಾದವಳು ಅದನ್ನೆಲ್ಲ ಹೇಳುತ್ತಾಳೆಯೇ?

ಅಷ್ಟರಲ್ಲಿ ಫ್ರೀ ಕರೆಂಟಿನ ಮಿತಿ ದಾಟಿ, ಸೊನ್ನೆ ಇರುವ ಜಾಗದಲ್ಲಿ ನಿಜವಾದ ಬಿಲ್ ಬಂತು. ಗಂಡ ಹೆಂಡತಿ ಶುರು ಹಚ್ಚಿಕೊಂಡರು.

"ನಿನ್ ಫ್ರಿಡ್ಜು, ನಿನ್ ಫೋನಲ್ಲಿ ಕಟ್ಟು."

"ತಿರುಪು ತಿರುಗ್ಸಿ ಮೊಟ್ಟೆ ಬೇಯಿಸ್ದೋರು ಯಾರು? ನೀವೇ ಕಟ್ಟಿ."

ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಒಂದು ಸಿನಿಮಾಗೆ ಹೋಗಿ ಬಂದು ರಾಜಿಯಾದರು. ರಾಜಿಯಾದ ಮೇಲೆ ಅವಳು ಕಟ್ಟಿದಳು ಎಂದು ಇವನು ಅಂದುಕೊಂಡ, ಅವನು ಕಟ್ಟಿದ ಎಂದು ಇವಳು ಅಂದುಕೊಂಡಳು. ಕೇಳಿದರೆ ಮತ್ತೆ ಜಗಳವಾದೀತು ಎಂದು ಇಬ್ಬರೂ ಕೇಳಲಿಲ್ಲ. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರೇ ಸಾಕಾಯಿತು.

ಗೊತ್ತಾದದ್ದು ಕೊನೆಯ ದಿನ. ಅಂಬರೀಶ ಟೊಮೆಟೊ ಟೆಂಪೊ ಓಡಿಸುತ್ತಾನೆ. ಚಿಂತಾಮಣಿ ಮಾರ್ಕೆಟ್ಟಿಗೆ ಹೊರಟಿದ್ದವನು ಬಿಲ್ಲನ್ನೂ ದುಡ್ಡನ್ನೂ ನನ್ನ ಕೈಗೆ ತುರುಕಿದ. "ಅಮ್ಮಾ, ಇವತ್ತೇ ಲಾಸ್ಟು. ನೆಟ್ ಬೇರೆ ಖಾಲಿ ಆಗೈತೆ. ನೀನೇ ಕಟ್‌ಬಿಡಮ್ಮ, ಮರೀಬೇಡ," ಎಂದವನೇ ಗಾಡಿ ಏರಿದ.

ಆ ದಿನ ಶುಕ್ರವಾರ.

ಶುಕ್ರವಾರ ಮನೆಯಿಂದ ದುಡ್ಡು ಆಚೆಗೆ ಕೊಟ್ಟರೆ ಲಕ್ಷ್ಮಿ ಹಿಂದೆಯೇ ಹೊರಟುಹೋಗುತ್ತಾಳೆ. ನಮ್ಮ ಅತ್ತೆ ಹೇಳಿದ್ದು, ಅವರಿಗೆ ಅವರ ಅತ್ತೆ ಹೇಳಿದ್ದು. ಕಟ್ಟಬಾರದು, ಕಟ್ಟದೆಯೂ ಇರಬಾರದು. ಕೈಯಲ್ಲಿ ದುಡ್ಡು ಹಿಡಿದು ನಡುಮನೆಯಲ್ಲಿ ನಿಂತೆ. ಆಗ ಹೊಳೆಯಿತು.

ತಿರುಪತಿಗೆ ಹೋಗಲು ಆಗದಿದ್ದಾಗ ನಮ್ಮ ಕಡೆ ಏನು ಮಾಡುತ್ತಾರೆ? ಹರಕೆಯ ದುಡ್ಡನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿ ದೇವರ ಮುಂದೆ ಇಡುತ್ತಾರೆ. ಮುಡಿಪು ಕಟ್ಟುವುದು ಎನ್ನುತ್ತಾರೆ ಅದಕ್ಕೆ. ಕಟ್ಟಿದರೆ ಕೊಟ್ಟ ಹಾಗೆ. ಹೋಗುವುದು ವರ್ಷ ತಡವಾದರೂ ತಿಮ್ಮಪ್ಪ ಬೇಸರ ಮಾಡಿಕೊಳ್ಳುವುದಿಲ್ಲ. ಏಳು ಬೆಟ್ಟದ ಒಡೆಯನೇ ಕಾಯುತ್ತಾನಂತೆ, ಒಂದು ಕಂಬದ ಒಡೆಯರು ಕಾಯಲಾರರೇ? ಸ್ನಾನ ಮಾಡಿ, ಬಿಲ್ಲಿಗೆ ಕುಂಕುಮವಿಟ್ಟು, ಒಳಗೆ ದುಡ್ಡು ಮಡಿಸಿ, ಅರಿಶಿನದ ಬಟ್ಟೆಯಲ್ಲಿ ಸುತ್ತಿ, ಮೂರು ಗಂಟು ಬಿಗಿದು ತಿಮ್ಮಪ್ಪನ ಪಟದ ಮುಂದೆ ಇಟ್ಟು ಕೈಮುಗಿದೆ.

ನಾಳೆ ಬಿಚ್ಚಿ ಆಫೀಸಿನಲ್ಲಿ ಕಟ್ಟಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಒಂದು ಸಲ ಮುಡಿಪು ಕಟ್ಟಿದ ಮೇಲೆ ಅದು ದೇವರ ದುಡ್ಡು, ಬಿಚ್ಚುವುದು ತಿರುಪತಿಯ ಹುಂಡಿಯ ಮುಂದೆಯೇ. ಈ ವಿಷಯ ಮೂರನೆಯ ಗಂಟು ಬಿಗಿದ ಮೇಲೆ ನೆನಪಾಯಿತು. ಹೋಗಲಿ, ಇನ್ನು ಕರೆಂಟಿನವರನ್ನು ಅವನೇ ನೋಡಿಕೊಳ್ಳುತ್ತಾನೆ ಎಂದು ಬಿಟ್ಟೆ.

ರಾತ್ರಿ ಊಟಕ್ಕೆ ಕೂತಾಗ ಅಂಬರೀಶ ಕೇಳಿದ, "ಬಿಲ್ ಕಟ್ಟಿದ್ಯೇನಮ್ಮ?"

"ಕಟ್ಟಿದೀನಿ ಕಣೋ. ಭದ್ರವಾಗಿ."

ಇದರಲ್ಲಿ ಸುಳ್ಳೆಲ್ಲಿದೆ? ಅವನು ರಸೀದಿ ಕೇಳಲಿಲ್ಲ. ಅವರಪ್ಪ ಆಗಿದ್ದರೆ ಕೇಳುತ್ತಿದ್ದರು.

ಮುಂದಿನ ಬಿಲ್ ಬಂದದ್ದು ಮಂಗಳವಾರ. ಮಂಗಳವಾರವೂ ಕೊಡುವ ಹಾಗಿಲ್ಲ. ಬಿಲ್ ಬಂದಿದೆ ಕಣೋ ಎಂದೆ. ಅಂಬರೀಶ ಫೋನಿನಿಂದ ತಲೆ ಎತ್ತದೆ ಜೇಬಿನಿಂದ ದುಡ್ಡು ತೆಗೆದು ಚಾಚಿದ. ಮೊದಲನೆಯ ಗಂಟಿನ ಪಕ್ಕ ಎರಡನೆಯ ಗಂಟು ಕೂತಿತು. ನೋಡಲು ಲಕ್ಷಣವಾಗಿತ್ತು. ಆಫೀಸಿನವರು ಬಾಕಿ ಇದೆ, ಬಾಕಿ ಇದೆ ಎಂದು ಮೆಸೇಜ್ ಮೇಲೆ ಮೆಸೇಜ್ ಕಳಿಸಿದ್ದರಂತೆ. ಅವೆಲ್ಲ ಹೋಗಿದ್ದು ನಮ್ಮ ಯಜಮಾನರ ನಂಬರಿಗೆ. ಅವರಿರುವ ಲೋಕದಲ್ಲಿ ಟವರ್ ಸಿಗುತ್ತದೋ ಇಲ್ಲವೋ.

ಇತ್ತ ರೂಪ ಎರಡನೆಯ ಸಲ ಮೊಟ್ಟೆ ಇಟ್ಟಿದ್ದಳು. ಈ ಸಲ ತಿರುಪಿಗೆ ಬಟ್ಟೆ ಸುತ್ತಿ, ಅಂಬರೀಶ ಆ ಕೋಣೆಗೆ ಕಾಲಿಡಬಾರದು ಎಂದು ಆಣೆ ಹಾಕಿಸಿದ್ದಳು. ಮರಿ ಒಡೆಯುವ ದಿನವೂ ಶುಕ್ರವಾರವೇ. ಮಧ್ಯಾಹ್ನದ ಹೊತ್ತಿಗೆ ನನ್ನ ಕೈಹಿಡಿದು ಎಳೆದುಕೊಂಡು ಹೋಗಿ, ಫ್ರಿಡ್ಜಿನ ಬಾಗಿಲಿಗೆ ಕಿವಿ ಇಡಿಸಿದಳು. ಒಳಗಿನಿಂದ ಚಿಂವ್ ಎಂದಿತು. ನಾನು ಬೆಚ್ಚಿ ಹಿಂದೆ ಸರಿದೆ.

"ಮೊಟ್ಟೆ ಒಳಗಿಂದಾನೇ ಕೂಗ್ತವೆ ಅತ್ತೆ," ಎಂದು ಪಿಸುಗುಟ್ಟಿದಳು. ಮದುವೆಯ ದಿನವೂ ಅವಳ ಮುಖ ಅಷ್ಟು ಅರಳಿರಲಿಲ್ಲ. ಅಷ್ಟರಲ್ಲಿ ಫ್ರಿಡ್ಜಿನ ಫ್ಯಾನು ನಿಂತಿತು. ಬಲ್ಬು ಆರಿತು.

ಹೊರಗೆ ಬಂದು ನೋಡಿದರೆ ಲೈನ್‌ಮನ್ ಚಲಪತಿ ನಮ್ಮ ಮನೆಯ ಫ್ಯೂಸನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದ.

"ಏನಪ್ಪ ಚಲಪತಿ, ಹಾಡುಹಗಲೇ ಫ್ಯೂಸ್ ಕೀಳ್ತಿದೀಯ?"

"ಎರಡು ತಿಂಗಳಿಂದ ಬಿಲ್ ಕಟ್ಟಿಲ್ಲವಲ್ಲಮ್ಮ ನೀವು. ಏಂ ಚೇಸೇದಿ, ಪೈನಿಂಚಿ ಆರ್ಡರು. ಮೇಲಿಂದ ಬಂದಿರೋದು, ನಾನೇನ್ ಮಾಡ್ಲಿ?"

"ಯಾವ ಬಡ್ಡಿಮಗ ಹೇಳಿದ್ದು? ಎರಡು ತಿಂಗಳದ್ದೂ ಕಟ್ಟಿದೀನಿ!"

ರೂಪಳೂ ನನ್ನ ಹಿಂದೆಯೇ ಬಂದಳು. "ಕಟ್ಟಿದಾರೆ ಸರ್. ನಮ್ಮತ್ತೆ ಸುಳ್ಳು ಹೇಳಲ್ಲ."

"ಎಲ್ಲಿ ಕಟ್ಟಿದ್ರಿ? ಆಫೀಸಲ್ಲಾ, ಪೋಸ್ಟಾಫೀಸಲ್ಲಾ?"

"ದೇವರ ಮನೇಲಿ," ಎಂದೆ.

ಚಲಪತಿ ತಲೆ ಕೆರೆದುಕೊಂಡ. "ಅದ್ಯಾವುದಮ್ಮ, ಹೊಸ ಕೌಂಟರಾ?"

ಹೇಳಿದೆ. ಶುಕ್ರವಾರ, ಲಕ್ಷ್ಮಿ, ಅರಿಶಿನದ ಬಟ್ಟೆ, ಮೂರು ಗಂಟು, ಎಲ್ಲ ಹೇಳಿದೆ. ಚಲಪತಿ ಮೊದಲು ನಕ್ಕ, ಆಮೇಲೆ ಕೆಮ್ಮಿದ, ಆಮೇಲೆ ಕಣ್ಣೊರೆಸಿಕೊಂಡ. ಪಕ್ಕದ ಮನೆಯ ಬಷೀರ್ ಅಹಮದ್ ಮಾತು ಕೇಳಿಸಿಕೊಂಡು ತನ್ನ ಮನೆಯಿಂದ ಕರೆಂಟ್ ಎಳೆದು ಕೊಡಲು ವೈರಿನ ಸುರುಳಿ ಹಿಡಿದು ಬಂದ. ಚಲಪತಿ ತಟ್ಟನೆ ನಗು ನಿಲ್ಲಿಸಿದ. "ಸಾಬ್, ನಿಮ್ ಮೀಟರಿಂದ ಎಳೆದ್ರೆ ನಿಮ್ದೂ ಕಿತ್ಕೊಂಡು ಹೋಗ್ಬೇಕಾಗ್ತದೆ. ಫೋನಲ್ಲಿ ದುಡ್ಡು ಕಟ್ಟಿ, ನನಗೊಂದು ಕಾಲ್ ಮಾಡ್ರಿ. ಬಂದು ಹಾಕ್ತೀನಿ," ಎಂದು ಬೈಕ್ ಹತ್ತಿ ಹೋದ.

ರೂಪ ನನ್ನನ್ನು ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಒಳಗೆ ಹೋಗಿ, ಆ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು.

ಟೆಂಪೊ ನಿಲ್ಲಿಸಿ ಬಂದ ಅಂಬರೀಶ ವಿಷಯ ಕೇಳಿ ಬಾಯಿಗೆ ಬಂದ ಹಾಗೆ ಕೂಗಾಡಿದ. "ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ! ಬಿಲ್ ಕಟ್ಟಮ್ಮ ಅಂದ್ರೆ ಬಟ್ಟೇಲಿ ಕಟ್ತಾರೇನಮ್ಮ ಯಾರಾದ್ರೂ?"

"ಕಟ್ಟು ಅಂದೆ, ಕಟ್ದೆ. ಎಲ್ಲಿ ಅಂತ ನೀನು ಹೇಳ್ದ್ಯಾ?"

ಫೋನಿನಲ್ಲಿ ಕಟ್ಟಲು ಕೂತರೆ ಬಿಲ್ಲಿನ ಮೇಲಿರುವ ನಂಬರ್ ಬೇಕಂತೆ. ಹಳೆಯ ಬಿಲ್ಲುಗಳನ್ನೆಲ್ಲ ಒಲೆ ನುಂಗಿತ್ತು. ಮೀಟರಿನ ಹಲಗೆಯ ಮೇಲಿದ್ದ ನಂಬರಿಗೆ ಯುಗಾದಿಯಲ್ಲಿ ಅಂಬರೀಶನೇ ಬಣ್ಣ ಬಳಿದಿದ್ದ. ಚಲಪತಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಕಂಬದ ಮೇಲಿರುವವರು ಫೋನ್ ಎತ್ತುತ್ತಾರೆಯೇ? ಆಫೀಸಿಗೆ ಹೋಗಿ ಕೇಳೋಣವೆಂದರೆ ಊಟದ ಹೊತ್ತು. ಆ ನಂಬರ್ ಇದ್ದದ್ದು ಇಡೀ ಮನೆಯಲ್ಲಿ ಎರಡೇ ಜಾಗದಲ್ಲಿ. ಅಂಬರೀಶ ದೇವರ ಮನೆಯ ಕಡೆ ತಿರುಗಿದ.

"ಮುಟ್ಟಿದ್ರೆ ನೋಡು!" ಎಂದು ಅಡ್ಡ ನಿಂತೆ. "ದೇವರ ಗಂಟು ಕಣೋ ಅದು. ಮೊದಲು ಮೊಟ್ಟೆ ನೋಡ್ರೋ, ತಣ್ಣಗಾಗ್ತವೆ!"

ಮೊಟ್ಟೆ ನೋಡಲು ಬಂದವಳು ಬಷೀರ್ ಅಹಮದನ ಹೆಂಡತಿ ದಿಲ್ಷಾದ್ ಬೇಗಂ. ಅವರ ಮನೆಯ ಹಿಂದೆಯೇ ರೇಷ್ಮೆ ನೂಲು ತೆಗೆಯುವ ಕೆಲಸ. ಗೂಡು ಬೇಯಿಸುವ ಬಿಸಿನೀರು ಹಗಲೆಲ್ಲ ಕುದಿಯುತ್ತಿರುತ್ತದೆ. ಆ ನೀರನ್ನು ಬಾಟಲಿಗಳಲ್ಲಿ ತುಂಬಿಸಿಕೊಂಡು ಬಂದಳು. ರೇಷ್ಮೆ ಹುಳ ಬೆಂದ ನೀರಿನ ನಾತ ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಮೂಗು ಮುಚ್ಚಿಕೊಂಡು, ಬಾಟಲಿಗಳಿಗೆ ಬಟ್ಟೆ ಸುತ್ತಿ ಫ್ರಿಡ್ಜಿನೊಳಗೆ ಜೋಡಿಸಿದೆವು. ಬಾಟಲಿ ಇಟ್ಟ ಮೇಲೆ ಮೊಟ್ಟೆಗಳಿಗೆ ಜಾಗ ಸಾಲಲಿಲ್ಲ. ಒಂದು ಮೊರದಷ್ಟು ಹೊರಗೇ ಉಳಿದವು.

"ಇವನ್ನ ಯಾರಾದ್ರೂ ಮಡಿಲಲ್ಲಿ ಇಟ್ಕೋಬೇಕು," ಎಂದಳು ರೂಪ.

ದಿಲ್ಷಾದ್ ನನ್ನ ಕಡೆ ನೋಡಿದಳು. "ಅನಸೂಯಕ್ಕಾ, ನೀವೇ ಕೂತ್ಕೊಳ್ಳಿ. ಸಿಟ್ಟಿಗೆ ನಿಮ್ ಮೈ ಯಾವಾಗ್ಲೂ ಬಿಸಿನೇ ಇರ್ತದೆ."

ಬೇರೆ ದಿನವಾಗಿದ್ದರೆ ಅವಳ ಜನ್ಮ ಜಾಲಾಡುತ್ತಿದ್ದೆ. ಆ ದಿನ ಸುಮ್ಮನೆ ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತೆ. ಮಡಿಲಿಗೆ ಯಜಮಾನರ ಹಳೇ ಕಂಬಳಿ, ಅದರೊಳಗೆ ಮೊಟ್ಟೆ, ಎರಡು ಪಕ್ಕದಲ್ಲಿ ನಾರುವ ಬಾಟಲಿ, ಮೇಲೆ ನನ್ನ ಸೆರಗು. ಅಲ್ಲಾಡಬಾರದು, ಸೀನಬಾರದು, ಕೂಗಾಡಬಾರದು ಎಂದು ಅಪ್ಪಣೆಯಾಯಿತು. ಮೊದಲೆರಡು ಹೇಗೋ ಆದವು. ಮೂರನೆಯದು ನನ್ನ ಕೈಲಾಗದ ಕೆಲಸ, ಆದರೂ ತುಟಿ ಕಚ್ಚಿಕೊಂಡೆ. ಬೀದಿಯ ಹೆಂಗಸರು ಕಿಟಕಿಯಲ್ಲಿ ಮುಖ ಜೋಡಿಸಿದರು. ಅನಸೂಯಮ್ಮ ಕಾವಿಗೆ ಕೂತವ್ಳೆ, ಬನ್ರೇ ನೋಡನ, ಎಂದು ಒಬ್ಬಳು ಇನ್ನೊಬ್ಬಳನ್ನು ಕರೆಯುವುದು ಕೇಳಿಸಿತು. ಎದ್ದು ಹೋಗಿ ಜುಟ್ಟು ಹಿಡಿಯುವ ಹಾಗೂ ಇಲ್ಲ.

ಬಾಟಲಿಗಳು ತಣ್ಣಗಾಗುತ್ತ ಬಂದವು. ದಿಲ್ಷಾದ್ ಓಡಿ ಬೇರೆ ನೀರು ತಂದಳು. ಅವು ಫ್ರಿಡ್ಜಿಗೇ ಸಾಲಲಿಲ್ಲ. ರೂಪ ಒಂದು ಮೊಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿ, "ಹೀಗಾದ್ರೆ ಉಳಿಯಲ್ಲ ಅತ್ತೆ," ಎಂದಳು.

ಆಗಲೇ ನನ್ನ ತೊಡೆಯ ಮೇಲೆ ಏನೋ ಕುಟ್ಟಿತು. ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಒಳಗೆ ಇದ್ದುಕೊಂಡೇ ಯಾರೋ ಬಾಗಿಲು ತಟ್ಟಿದ ಹಾಗಿತ್ತು. ಅಂಬರೀಶ ಹೊಟ್ಟೆಯಲ್ಲಿದ್ದಾಗ ಒದೆಯುತ್ತಿದ್ದದ್ದು ನೆನಪಾಯಿತು. ಈ ಹಾಳು ಮರಿ ಬದುಕಬೇಕು, ಅಷ್ಟೇ. ಬೇರೆ ಏನೂ ಬೇಡವೆನಿಸಿತು.

"ಲೋ ಅಂಬರೀಶ, ಆ ಗಂಟುಗಳನ್ನ ತಗೊಂಡ್ ಬಾರೋ," ಎಂದೆ. "ಬಿಚ್ಬೇಡ. ನಾನು ಕಟ್ಟಿದ್ದು, ನಾನೇ ಬಿಚ್ಚಬೇಕು. ತಿಮ್ಮಪ್ಪನ ಪಟಾನೂ ತಗೊಂಡ್ ಬಾ. ಮುಖ ನೋಡಿ ಮಾತಾಡ್ಬೇಕು."

ತಂದ. ಪಟವನ್ನು ರೂಪಳ ಕೈಯಲ್ಲಿ ಎತ್ತಿ ಹಿಡಿಸಿದೆ.

"ನೋಡಪ್ಪ ಒಡೆಯಾ," ಎಂದೆ. "ಕೊಟ್ಟ ಮಾತು ತಪ್ತಿದೀನಿ. ಆದ್ರೆ ನಿನಗೆ ಹೇಳಿದ್ರೆ ಅರ್ಥ ಆಗ್ತದೆ. ನಿನ್ ಮದುವೆಗೆ ಕುಬೇರನ ಹತ್ರ ಸಾಲ ಮಾಡಿದ್ಯಲ್ಲ, ಅದರ ಬಡ್ಡಿನೇ ಇನ್ನೂ ಕಟ್ತಾ ಇದೀಯ, ಅಸಲು ಹಾಗೇ ಐತೆ. ನಿನ್ ಫ್ಯೂಸ್ ಯಾರಾದ್ರೂ ಕಿತ್ರಾ? ಇಲ್ವಲ್ಲ. ಬಾಕಿ ಇಟ್ಕೊಂಡೋರ ಕಷ್ಟ ಬಾಕಿ ಇಟ್ಕೊಂಡೋರಿಗೇ ಗೊತ್ತು. ಈ ಒಂದು ಸಲ ಹೊಂದಾಣಿಕೆ ಮಾಡ್ಕೋ. ನಿಂದು ನಿನಗೆ ತಂದುಕೊಡ್ತೀನಿ."

ಕಿಟಕಿಯಲ್ಲಿದ್ದವರ ನಗು ನಿಂತಿತು. ದಿಲ್ಷಾದ್ "ಆಮೀನ್" ಎಂದಳು. ಮಡಿಲು ಅಲ್ಲಾಡದ ಹಾಗೆ ಎರಡು ಕೈಯನ್ನೂ ಮೇಲೆತ್ತಿ ಗಂಟಿಗೆ ಉಗುರು ಹಾಕಿದೆ. ಬಿಚ್ಚಲಿಲ್ಲ. ನಾನು ಬಿಗಿದ ಗಂಟು ಅಷ್ಟು ಸುಲಭವೇ? ಉಳಿದ ಹಲ್ಲುಗಳಲ್ಲಿ ಕಚ್ಚಿ ಎಳೆದೆ. ಮೊದಲ ಗಂಟಿನಿಂದ ಬಂದ ಬಿಲ್ಲಿನಲ್ಲಿ ನಂಬರಿನ ಮೇಲೆಯೇ ಸರಿಯಾಗಿ ನಾನಿಟ್ಟ ಕುಂಕುಮ. ಮೂರೋ ಎಂಟೋ ಎಂದು ತಾಯಿ ಮಗ ಒಂದು ಸುತ್ತು ಕಿತ್ತಾಡಿದೆವು. ಎರಡನೆಯ ಗಂಟಿನ ಬಿಲ್ಲಿನಲ್ಲಿ ಅದು ಎಂಟು ಎಂದು ಸ್ಪಷ್ಟವಾಗಿತ್ತು. ಎರಡು ಗಂಟು ಕಟ್ಟಿದ್ದು ಒಳ್ಳೆಯದೇ ಆಯಿತು ಎಂದರೆ ಯಾರೂ ಒಪ್ಪಲಿಲ್ಲ.

ಗಂಟಿನ ದುಡ್ಡನ್ನು ಜೇಬಿಗೆ ಹಾಕಿಕೊಂಡು ಅಂಬರೀಶ ಫೋನ್ ಒತ್ತಿದ. ದುಡ್ಡು ಹೋಯಿತು. ಲಕ್ಷ್ಮಿ ಹೋದಳೋ ಇಲ್ಲವೋ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಬಷೀರ್ ಅಹಮದ್ ಸ್ಕೂಟರ್ ಹತ್ತಿ, ಬೀದಿ ಬೀದಿಯ ಕಂಬ ನೋಡುತ್ತ ಹೋಗಿ, ಬಸ್ ಸ್ಟ್ಯಾಂಡ್ ಹತ್ತಿರದ ಕಂಬದಿಂದ ಚಲಪತಿಯನ್ನು ಇಳಿಸಿಕೊಂಡು ಬಂದ. ಫ್ಯಾನು ಗುಂಯ್ ಎಂದಿತು, ಬಲ್ಬು ಹೊತ್ತಿತು. ಅದೇ ಹೊತ್ತಿಗೆ ನನ್ನ ಸೆರಗಿನೊಳಗೆ ಚಿಪ್ಪು ಒಡೆದು, ಒದ್ದೆ ಮುದ್ದೆಯಾದ ಒಂದು ಮರಿ ಕಂಬಳಿಯಿಂದ ತಲೆ ಹೊರಗೆ ಹಾಕಿ, ನನ್ನನ್ನು ನೋಡಿ ಚಿಂವ್ ಎಂದಿತು.

"ನಿಮ್ಮನ್ನೇ ಅಮ್ಮ ಅಂದ್ಕೊಂಡೈತೆ," ಎಂದು ಚಲಪತಿ ಹಲ್ಲು ಕಿರಿದ.

"ಅಂದ್ಕೊಂಡ್ರೆ ನಿನಗೇನೋ ನಷ್ಟ?" ಎಂದೆ. ಕಣ್ಣಲ್ಲಿ ನೀರು ಬಂದಿತ್ತು. ಅದು ಹುಳದ ನೀರಿನ ನಾತಕ್ಕೆ ಎಂದು ಹೇಳಿದೆ. ರೂಪ ನನ್ನ ಹೆಗಲಿಗೆ ತಲೆ ಒತ್ತಿಕೊಂಡು ಅಳುತ್ತ ನಗುತ್ತ ಕೂತಳು. ಸಂಜೆಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮರಿ ಬಂದವು. ಕೆಲವು ಬರಲೇ ಇಲ್ಲ, ಪಾಪ. ಗಾರ್ಮೆಂಟ್ಸಿನ ಮಾತು ಮತ್ತೆ ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮಡಿಲಲ್ಲಿ ಹುಟ್ಟಿದ ಮರಿಯನ್ನು ಮಾರಲು ನಾನು ಬಿಡಲಿಲ್ಲ. ಶುಕ್ರವಾರ ಹುಟ್ಟಿದ್ದಲ್ಲವೇ, ಲಕ್ಷ್ಮಿ ಎಂದು ಹೆಸರಿಟ್ಟೆ. ನಾನು ಹೋದ ಕಡೆಗೆಲ್ಲ ಹಿಂದೆಯೇ ಬರುತ್ತದೆ, ಬಚ್ಚಲಿಗೂ ಬಿಡುವುದಿಲ್ಲ. "ಅತ್ತೆ, ತಿಮ್ಮಪ್ಪನ ಬಾಕಿ?" ಎಂದು ರೂಪ ಆಗಾಗ ಕೆಣಕುತ್ತಾಳೆ. ಅವನ ಬಿಲ್ಲಿಗೆ ಲಾಸ್ಟ್ ಡೇಟ್ ಇಲ್ಲ ಎನ್ನುತ್ತೇನೆ. ಹೋಗುತ್ತೇವೆ, ಮಾವಿನಕಾಯಿ ಕಾಲ ಕಳೆದು ಅಂಬರೀಶನ ಟೆಂಪೊಗೆ ಬಿಡುವಾಗಲಿ.

ಹೋದ ಸಲದ ಕರೆಂಟ್ ಬಿಲ್ ಬಂದ ದಿನ ಅಂಬರೀಶ ಆಗತಾನೆ ಚಿಂತಾಮಣಿಯಿಂದ ಬಂದು, ಕಾಲು ಚಾಚಿ ಕೂತು ಕಾಫಿ ಕೇಳಿದ. ನಾನು ಬಿಲ್ಲನ್ನು ಅವನ ಮುಂದೆ ಹಿಡಿದೆ.

"ನಾಳೆ ಕಟ್ಟಣ ಬಿಡಮ್ಮ," ಎಂದ. "ಇವತ್ತು ಶುಕ್ರವಾರ. ದುಡ್ಡು ಕೊಟ್ರೆ ಲಕ್ಷ್ಮಿ ಆಚೆ ಹೋಗ್ತಾಳೆ ಅಂತ ನೀನೇ ಅಲ್ವಾ ಹೇಳೋದು?"

"ಲಕ್ಷ್ಮಿ ಎಲ್ಲೂ ಹೋಗಲ್ಲ ಕಣೋ. ಇಲ್ಲೇ ನನ್ನ ಕಾಲ ಹತ್ರ ನುಚ್ಚು ಹೆಕ್ತಾ ಇದಾಳೆ. ನೀನು ಕಟ್ಟು. ಬಟ್ಟೇಲಲ್ಲ, ಫೋನಲ್ಲಿ."

ಗೊಣಗಿಕೊಂಡು ಕಟ್ಟಿದ. ರಸೀದಿ ಎಲ್ಲಿ ಎಂದೆ. ಫೋನಲ್ಲೇ ಇದೆ ಎಂದ. ಹಾಗಾದರೆ ಫೋನನ್ನೇ ಮೊಳೆಗೆ ಚುಚ್ಚು ಎಂದೆ. ಕೊನೆಗೆ ಒಂದು ಚೀಟಿಯಲ್ಲಿ "ಕಟ್ಟಿದೆ" ಎಂದು ಬರೆದು ಸಹಿ ಹಾಕಿ ಕೊಟ್ಟ. ಅವರಪ್ಪನ ಮೊಳೆಗೆ ಅದನ್ನು ನಾನೇ ಚುಚ್ಚಿದೆ, ಆಮೇಲೆ ಒಳಗೆ ಹೋಗಿ ಅವನಿಗೆ ಕಾಫಿ ಬೆರೆಸಿದೆ.